ಐದನೇ ನಂಬರಿನ ಕೆಳಗಿನ ಗೋಡೆ

ನಮ್ಮ ಮನೆ ಮನೆಯಾಗಿ ಹುಟ್ಟಿದ್ದಲ್ಲ. ಎರಡು ದಾರಿ ಕೂಡುವಲ್ಲಿ ಮುತ್ತಜ್ಜ ಕಟ್ಟಿಸಿದ ತಂಗುಮನೆ ಅದು. ಕೆಳಗೆ ಗಾಡಿ ಸಮೇತ ಒಳಗೆ ಬರುವಷ್ಟು ಅಗಲದ ಬಾಗಿಲು, ದಾರಿಹೋಕರ ಊಟಕ್ಕೆ ಉದ್ದನೆಯ ಪಡಸಾಲೆ. ಮೇಲೆ ಇಕ್ಕಟ್ಟಾದ ನಡುದಾರಿ, ಅದರ ಎರಡೂ ಕಡೆ ಒಂದು ಮಂಚ, ಒಂದು ಬೀರು ಇಡುವಷ್ಟೇ ಜಾಗದ ಕೋಣೆಗಳು. ಹೊಸ ರಸ್ತೆ ಗುಡ್ಡದ ಆಚೆ ಆದಮೇಲೆ ಜನ ಬರುವುದು ನಿಂತಿತು. ಅಜ್ಜ ಬೋರ್ಡು ಇಳಿಸಿದ. ಪಡಸಾಲೆಗೆ ಅಡ್ಡಡ್ಡ ಹಲಗೆ ಹೊಡೆದು, ಮೇಲೆ ಗಾರೆ ಬಳಿದು ಕೋಣೆಗಳನ್ನು ಮಾಡಿದ. ಅಡುಗೆಮನೆಯ ಮೂಲೆಯಲ್ಲಿ ಮುದುಡಿ ಮಲಗುತ್ತಿದ್ದ ಸಂಸಾರ ಕೈಕಾಲು ಚಾಚಿತು. ಇಂದಿಗೂ ನಮಗೆ ಮೇಲಿನ ಕೋಣೆಗಳೆಂದರೆ ನಂಬರುಗಳೇ. ಅಪ್ಪ ಹುಟ್ಟಿದ್ದು ಮೂರರಲ್ಲಿ, ಸತ್ತಿದ್ದು ಆರರಲ್ಲಿ. ನಾನು ಮಲಗುವುದು ಐದರಲ್ಲಿ.

ಇಲ್ಲಿ ಬೆಳೆದವರಿಗೆಲ್ಲ ಒಂದು ವಿದ್ಯೆ ಗೊತ್ತು. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುವುದು. ಗಟ್ಟಿ ಸದ್ದು ಬಂದರೆ ಮುತ್ತಜ್ಜನ ಕಲ್ಲುಗೋಡೆ, ಮುಟ್ಟಬಾರದು. ಟೊಳ್ಳು ಸದ್ದು ಬಂದರೆ ಅಜ್ಜನ ಹಲಗೆಗೋಡೆ, ಬೇಕಾದಾಗ ಕೀಳಬಹುದು. ಅಪ್ಪ ಹೀಗೆ ತಟ್ಟಿ ನೋಡಿಯೇ ಎರಡು ಗೋಡೆ ಕಿತ್ತಿದ್ದರು. ಮನೆ ಏನೂ ಅನ್ನಲಿಲ್ಲ.

ನನ್ನ ತಮ್ಮ ಮೂರನೆಯ ಗೋಡೆಗೆ ಕೈ ಹಾಕಿದ. ಅವನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಕತ್ತರಿಸಲು ಉದ್ದನೆಯ ಮೇಜು ಬೇಕು, ಮೇಜಿಗೆ ಜಾಗ ಬೇಕು. ನಾನು ಬೇಡ ಅಂದೆ. ಮೊದಲು ಧೂಳಿನ ನೆಪ ಹೇಳಿದೆ, ಆಮೇಲೆ ಮಂಡಿನೋವಿನದು, ಆಮೇಲೆ ಅಮ್ಮನ ನೆನಪಿನದು. ನಿಜವಾದ ಕಾರಣ ಹೊಟ್ಟೆಕಿಚ್ಚು. ಅಮ್ಮ ಹೋದಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ನಾನು. ನಿನ್ನೆ ಮೊನ್ನೆ ಬಂದವಳಿಗಾಗಿ ಅವನು ಗೋಡೆ ಕೆಡವಲು ಹೊರಟಿದ್ದ. ಅವಳ ಜೊತೆ ನಾನು ಮಾತು ಬಿಟ್ಟಿದ್ದೆ. ಆಗಬೇಕಾದ ಕೆಲಸವನ್ನು ಗಾಳಿಗೆ ಹೇಳಿದಂತೆ ಹೇಳುತ್ತಿದ್ದೆ, ಅವಳು ಕೇಳಿಸಿಕೊಂಡು ಮಾಡುತ್ತಿದ್ದಳು.

ಆ ಬೆಳಿಗ್ಗೆ ಸುತ್ತಿಗೆಯ ಸದ್ದು ಕೇಳಲಾರದೆ ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವನು ಕೀಳುತ್ತಿದ್ದ ಗೋಡೆ ಐದನೇ ನಂಬರಿನ ನೇರ ಕೆಳಗೇ ಇತ್ತು. ಹಲಗೆ ಕೀಳುವುದು ಮುಗಿದು ಗರಗಸ ಶುರುವಾಯಿತು. ಸ್ವಲ್ಪ ಹೊತ್ತಿಗೆ ಬೀರುವಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಎದ್ದು ಮುಚ್ಚಿದೆ. ಮತ್ತೆ ತೆರೆದುಕೊಂಡಿತು. ಹೊರಗೆ ಹೋಗಿಬಿಡೋಣವೆಂದು ಕೋಣೆಯ ಬಾಗಿಲು ಎಳೆದರೆ ಅದು ಕದಲಲಿಲ್ಲ. ಚಿಲಕ ತೆಗೆದೇ ಇತ್ತು. ಚೌಕಟ್ಟೇ ಓರೆಯಾಗಿ ಬಾಗಿಲನ್ನು ಕಚ್ಚಿ ಹಿಡಿದಿತ್ತು.

ನೆಲದ ಹಲಗೆಯ ಸಂದಿಗೆ ಬಾಯಿಟ್ಟು ಕೂಗಿದೆ. "ಏನು ಕೊಯ್ತಿದ್ದೀಯೋ?"

"ಹಲಗೆ ನಡುವೆ ಒಂದು ಕಂಬ ಸಿಕ್ತು ಕಣಕ್ಕ. ಹಲಗೆ ಆಧಾರಕ್ಕೆ ಇಟ್ಟಿರ್ಬೇಕು."

"ಎಷ್ಟು ದಪ್ಪ ಇದೆ?"

"ನನ್ನ ತೊಡೆಯಷ್ಟು."

ಹಲಗೆಯ ಆಧಾರಕ್ಕೆ ತೊಡೆಯಷ್ಟು ದಪ್ಪದ ಕಂಬವನ್ನು ಯಾರಿಡುತ್ತಾರೆ? ಅದು ಮುತ್ತಜ್ಜನ ಪಡಸಾಲೆಯ ಕಂಬ. ಅಜ್ಜ ಎರಡೂ ಕಡೆ ಹಲಗೆ ಹೊಡೆದು ಅದನ್ನು ಮುಚ್ಚಿಬಿಟ್ಟಿದ್ದ. ನನ್ನ ಕೋಣೆ, ನಾನು, ನನ್ನ ಮೇಲಿನ ಸೂರು, ಎಲ್ಲ ಭಾರ ಅದರ ತಲೆಯ ಮೇಲಿತ್ತು.

"ನಿಲ್ಸೋ. ನೆಲ ಇಳೀತಿದೆ. ಬಾಗಿಲು ತೆಗೆಯೋಕಾಗ್ತಿಲ್ಲ. ಮೊದಲು ಹೊರಗೆ ಹೋಗು."

ಅವನು ನಕ್ಕ. "ಧೂಳಾಯ್ತು, ಮಂಡಿ ಆಯ್ತು, ಈಗ ಬಾಗಿಲಾ? ಇನ್ನೊಂಚೂರು ಇದೆ. ಮುಗಿಸಿ ಬಂದು ನಾನೇ ತೆಗೀತೀನಿ."

ಗರಗಸ ಮತ್ತೆ ಆಡತೊಡಗಿತು. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಸರಿಯೇ, ಆದರೆ ಇಲ್ಲಿ ಸುಳ್ಳು ನೆಪ ಮಾಡಿದವಳು ನಾನು, ಉಣ್ಣುವವನು ಅವನಾಗುತ್ತಿದ್ದ. ಕಿಟಕಿಗೆ ಓಡಿದೆ. ಹಿತ್ತಲಲ್ಲಿ ಅವನ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಏನೆಂದು ಕರೆಯಲಿ? ಅವಳನ್ನು ನಾನು ಇದುವರೆಗೆ ಏನೂ ಅಂದು ಕರೆದಿರಲೇ ಇಲ್ಲ. ಕೆಳಗೆ ತೊಲೆ ನರಳಿತು.

"ತಂಗೀ, ಅವನನ್ನ ಹೊರಗೆ ಕರಿ. ಕಂಬ ಕೊಯ್ತಿದ್ದಾನೆ, ಮನೆ ಕೂತ್ಕೊಳ್ಳುತ್ತೆ. ನಾನು ಹೇಳ್ದೆ ಅನ್ಬೇಡ. ನೀನೇ ಕರಿ, ನಿನ್ನ ಮಾತು ಕೇಳ್ತಾನೆ."

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಯಾಕೆ, ಏನು ಎಂದು ಕೇಳಲಿಲ್ಲ. ಹಿಂಡಿದ ಬಟ್ಟೆಯನ್ನು ಅಲ್ಲೇ ಬಿಟ್ಟು ಬಾಗಿಲ ಕಡೆ ತಿರುಗಿ, ಎಂದಿನ ದನಿಯಲ್ಲೇ, "ರೀ, ಒಂಚೂರು ಬನ್ನಿ ಇಲ್ಲಿ" ಎಂದಳು.

ಗರಗಸ ನಿಂತಿತು. "ಬಂದೆ" ಎಂದ. ಗರಗಸವನ್ನು ಕೈಯಲ್ಲಿ ಹಿಡಿದೇ ಬಿಸಿಲಿಗೆ ಬಂದ. ಅವನು ಹೊಸ್ತಿಲು ದಾಟಿದ್ದಷ್ಟೇ, ಒಳಗೆ ಸಿಡಿಲು ಬಡಿದಂಥ ಸದ್ದು. ನನ್ನ ಕಾಲಡಿಯ ನೆಲ ಒಂದು ಕಡೆಗೆ ವಾಲಿತು. ಮಂಚ ಜಾರಿ ಗೋಡೆಗೆ ಬಡಿಯಿತು. ನಾನು ಕಿಟಕಿಯ ಸರಳು ಹಿಡಿದುಕೊಂಡು ಕಣ್ಣು ಮುಚ್ಚಿದೆ. ಧೂಳು ಇಳಿಯುವ ಮೊದಲೇ ಅವರಿಬ್ಬರೂ ಮೇಲೆ ಬಂದು, ಹಾರೆಯಿಂದ ಬಾಗಿಲು ಮೀಟಿ ನನ್ನನ್ನು ಹೊರಗೆಳೆದರು.

ತೊಲೆ ಮುರಿದು ಅದರ ತುದಿ ಬಿದ್ದಿದ್ದು ಅವನು ಕೂತು ಕೊಯ್ಯುತ್ತಿದ್ದ ಜಾಗದಲ್ಲೇ. ಅದನ್ನು ನೋಡಿ ಅವನು ಮೆಟ್ಟಿಲ ಮೇಲೆ ಕುಸಿದ. ಅವನು ಬದುಕಿದನಲ್ಲ ಎಂದು ನನಗೆ ಅಳು ಬಂತು. ನನ್ನ ಅಷ್ಟು ಕೂಗಿಗೆ ಬಾರದವನು ಅವಳ ಒಂದು ಮಾತಿಗೆ ಬಂದನಲ್ಲ ಎಂದೂ ಅಳು ಬಂತು. ಎರಡರಲ್ಲಿ ಯಾವುದು ಹೆಚ್ಚಿತ್ತೋ ಈಗಲೂ ಹೇಳಲಾರೆ.

ಸಂಜೆ ಬಡಗಿ ಬಂದು ತೊಲೆಗೆ ಆಸರೆ ಕೊಟ್ಟ. "ಹೊಸ ಕಂಬ ಇಲ್ಲೇ ನಿಲ್ಬೇಕು. ಸುತ್ತ ಗೋಡೆ ಎಬ್ಬಿಸ್ಲಾ, ಹೀಗೇ ಬಯಲು ಬಿಡ್ಲಾ?" ಎಂದು ಕೇಳಿದ. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ ತಮ್ಮ ನನ್ನ ಮುಖ ನೋಡಿದ. ಗೋಡೆ ಇರಲಿ ಎಂಬ ಮಾತು ನನ್ನ ನಾಲಗೆಯ ತುದಿಯವರೆಗೂ ಬಂತು.

"ನನ್ನನ್ನೇನು ನೋಡ್ತೀಯೋ," ಎಂದೆ. "ಅವಳನ್ನ ಕೇಳು."