ಬೇರೆಯವರಿಗಾಗಿ ಹಾಕಿದ ಸಹಿ

ಪ್ರವಾಹ ಇಳಿದ ಮೇಲೆ ಕಾಶಿಯ ಕೇದಾರ ಘಾಟಿನ ಮೆಟ್ಟಿಲ ಮೇಲೆ ಉಳಿದಿದ್ದ ಕೆಸರಿನಲ್ಲಿ ಗುಂಡಪ್ಪನವರು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅದಾಗಿ ಮೂರು ವಾರಕ್ಕೆ ನಗರದ ಕಚೇರಿಯೊಂದರಿಂದ ಅವರು ತಂಗಿದ್ದ ಮಠಕ್ಕೆ ಕರಡು ಆದೇಶ ಬಂತು. ಎಪ್ಪತ್ತು ದಾಟಿದವರು ಜೊತೆಗಾರರಿಲ್ಲದೆ ಗಂಗೆಗೆ ಇಳಿಯುವಂತಿಲ್ಲ. ಅವರು ತಂಗಿರುವ ಮಠ, ಧರ್ಮಶಾಲೆಗಳ ಬಾಗಿಲನ್ನು ಬೆಳಗಿನ ಏಳರವರೆಗೆ ತೆರೆಯುವಂತಿಲ್ಲ. ಒಪ್ಪಿಗೆಯಿದ್ದವರು ಸಹಿ ಮಾಡಿ ಕಳಿಸಬೇಕು.

ಕೊನೆಗಾಲವನ್ನು ಕಾಶಿಯಲ್ಲಿ ಕಳೆಯಲೆಂದು ಕರ್ನಾಟಕದಿಂದ ಬಂದ ಹದಿನೆಂಟು ಮಂದಿ, ಆಸ್ಪತ್ರೆಯಲ್ಲಿದ್ದ ಗುಂಡಪ್ಪನವರನ್ನು ಬಿಟ್ಟು, ಆಗ ಮಠದಲ್ಲಿದ್ದರು. ವ್ಯವಸ್ಥಾಪಕ ದಯಾನಂದ ಕಾಗದ ಹಿಡಿದು ಕೋಣೆಯಿಂದ ಕೋಣೆಗೆ ಹೋದ. ಹದಿನೇಳು ಮಂದಿ ಸಹಿ ಹಾಕಿದರು. ಹಾಕದವರು ಶರಣಬಸಮ್ಮ ಒಬ್ಬರೇ.

ಕಲಬುರಗಿ ಕಡೆಯ ಹಳ್ಳಿಯ ಈ ಎಪ್ಪತ್ತಾರರ ಹೆಂಗಸು ಹಿಂದೆ ಐದು ವರ್ಷ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದವರು. ಘಾಟಿಗೆ ಜನ ನೆರೆಯುವ ಮುಂಚೆ, ಐದು ಗಂಟೆಗೇ ಇಳಿದು ಮುಳುಗು ಹಾಕಿ, ಮೆಟ್ಟಿಲ ಮೇಲೆ ಕುಳಿತು ಲಿಂಗಪೂಜೆ ಮಾಡಿಕೊಳ್ಳುವುದು ಅವರ ಪರಿಪಾಠ.

“ನಿಮ್ಮ ಒಳ್ಳೇದಕ್ಕ ಮಾಡ್ಯಾರ ಅವ್ವಾರ,” ಎಂದ ದಯಾನಂದ.

“ನನ್ನ ಒಳ್ಳೇದು ಯಾವುದು ಅಂತ ನನ್ನ ಕೇಳ್ಯಾರೇನಪ್ಪ?” ಎಂದು ಅವರು ಕಾಗದ ಹಿಂದಿರುಗಿಸಿದರು.

ಹಟಕ್ಕೆ ಮಾಡಿದ್ದಲ್ಲ. ಅಂಥದೇ ಒಂದು ಕಾಗದಕ್ಕೆ ಅವರು ಒಮ್ಮೆ ಸಹಿ ಹಾಕಿದ್ದರು. ಶಾಲೆಯ ಮುಂದೆ ತಿಂದ ಹುಡುಗಿಯೊಬ್ಬಳಿಗೆ ವಾಂತಿಯಾಯಿತೆಂದು, ಅಲ್ಲಿ ಯಾರೂ ತಿನಿಸು ಮಾರಕೂಡದೆಂದು ಪಂಚಾಯಿತಿ ಒಮ್ಮತದಿಂದ ಠರಾವು ಮಾಡಿತ್ತು. ಸಹಿ ಮಾಡಿದ ಗಳಿಗೆಯಲ್ಲಿ ತಾನೆಷ್ಟು ಒಳ್ಳೆಯವಳು ಎನಿಸಿ ಎದೆ ತುಂಬಿ ಬಂದಿತ್ತು. ಅಲ್ಲಿ ಬೇಯಿಸಿದ ಶೇಂಗಾ ಮಾರುತ್ತಿದ್ದ ಶಾಮ ಎಂಬಾಕೆ ಮರುವಾರ ಬುಟ್ಟಿ ಎತ್ತಿಕೊಂಡು ಪುಣೆಯ ಕಟ್ಟಡ ಕೆಲಸಕ್ಕೆ ಹೋದಳು. ಆಮೇಲೆ ಗೊತ್ತಾಯಿತು, ಕೆಟ್ಟದ್ದು ಶಾಲೆಯ ಟ್ಯಾಂಕಿನ ನೀರು. ಆದರೂ ಠರಾವು ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ತೆಗೆದ ಮರುದಿನ ಇನ್ಯಾರಿಗಾದರೂ ವಾಂತಿಯಾದರೆ ಏನು ಗತಿ? ಶರಣಬಸಮ್ಮನಿಗೂ ಬರಲಿಲ್ಲ. ಆ ನಾಚಿಕೆ ಅವರ ಜೊತೆಗೇ ಕಾಶಿಗೆ ಬಂದಿತ್ತು.

ಈ ಸಲ ಅವರು ಸುಮ್ಮನಿರಲಿಲ್ಲ. ಸಹಿ ಹಾಕಿದವರನ್ನೆಲ್ಲ ಒಬ್ಬೊಬ್ಬರಾಗಿ ಮಾತಾಡಿಸಿದರು. ತುಮಕೂರು ಕಡೆಯ ತಿರುಮಲಮ್ಮ ಸೊಪ್ಪು ಬಿಡಿಸುತ್ತ, “ನನಗೇನೂ ಬೇಕಿಲ್ಲ ಕಣಮ್ಮ, ಹುಷಾರಾಗೇ ಇಳೀತೀನಿ. ಆ ವೀರಯ್ಯನೋರಿಗೆ ಕಣ್ಣು ಮಂಜು. ಅವರಿಗೋಸ್ಕರ ಹಾಕ್ದೆ,” ಎಂದರು. ವೀರಯ್ಯನವರನ್ನು ಕೇಳಿದರೆ ತಿರುಮಲಮ್ಮನ ಮೊಣಕಾಲು ನೋವಿನ ಮಾತೆತ್ತಿದರು. ಹದಿನೇಳು ಮಂದಿಯಲ್ಲಿ ತನಗಾಗಿ ಸಹಿ ಹಾಕಿದೆನೆಂದವರು ಒಬ್ಬರೂ ಇರಲಿಲ್ಲ.

ಭೇಲೂಪುರದ ನರ್ಸಿಂಗ್ ಹೋಮಿಗೂ ಆಟೊ ಹಿಡಿದು ಹೋಗಿಬಂದರು. ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ಗುಂಡಪ್ಪನವರಿಗೆ ಆದೇಶದ ಸುದ್ದಿಯೇ ಗೊತ್ತಿರಲಿಲ್ಲ.

“ಬಿದ್ದಾಂವ ನಾನು. ರಾಡಿ ತೆಗೀರಿ ಅಂತ ಬೇಕಾದ್ರ ಹೇಳ್ತಿದ್ದೆ,” ಎಂದರು. “ಮಂದಿನ್ನ ಕೂಡಿಹಾಕ್ರಿ ಅಂತ ಯಾವಾಗ ಹೇಳೀನಿ?”

ಶರಣಬಸಮ್ಮ ಆಕ್ಷೇಪವನ್ನು ಕನ್ನಡದಲ್ಲಿ ಬರೆದು, ಹಿಂದಿಗೆ ತಿರುಗಿಸಿ ಕೊಡೆಂದು ದಯಾನಂದನ ಮುಂದಿಟ್ಟರು. ಅವನು ಬಹಳ ಹೊತ್ತು ಓದಿದ. ಕೆಟ್ಟ ಹುಡುಗನಲ್ಲ, ಗುಂಡಪ್ಪನವರನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದವನು ಅವನೇ.

“ಖರೇ ಹೇಳ್ತೀನಿ ಅವ್ವಾರ. ಬಾಗಿಲಾ ತೆಗೆದು ಯಾರರ ಬಿದ್ರ ನನ್ನ ಹೆಸರು ಪೇಪರಿನ್ಯಾಗ ಬರ್ತೈತಿ. ಬಾಗಿಲಾ ಹಾಕಿ ಹತ್ತು ಮಂದಿ ಒಳಗ ಕೊರಗಿದ್ರ ಯಾರ ಹೆಸರೂ ಬರಂಗಿಲ್ಲ.”

“ಹಂಗಾದ್ರ ನನ್ನ ಹೆಸರು ಬರಿ. ನಾ ಬಿದ್ರ ಅದು ನನ್ನ ಹೊಣಿ ಅಂತ ಬರಕೊಡ್ತೀನಿ. ನಿನ್ನ ಅಂಜಿಕಿಗೆ ನನ್ನ ಬೆಳಗು ಕೊಡೋದು ಆಗಂಗಿಲ್ಲ ತಮ್ಮಾ.”

 ಸಂಜೆಯೊಳಗೆ ಅವನು ಹಿಂದಿಯಲ್ಲಿ ಬರೆದುಕೊಟ್ಟ.

ಆಕ್ಷೇಪ ತಲುಪಿದ ಮೇಲೆ, ಅಹವಾಲು ಕೇಳಲು ಕಚೇರಿಯಿಂದ ಶೀತಲ್ ಎಂಬ ಅಧಿಕಾರಿಣಿ ಮಠದ ಹಜಾರಕ್ಕೇ ಬಂದಳು. ಸೌಮ್ಯವಾಗಿಯೇ ಮಾತಾಡಿದಳು: ಬಹುಪಾಲು ಧರ್ಮಶಾಲೆಗಳು ಒಪ್ಪಿವೆ, ಹಿರಿಯರ ಜೀವಕ್ಕಿಂತ ದೊಡ್ಡದು ಯಾವುದೂ ಇಲ್ಲ. ಶರಣಬಸಮ್ಮ ಎದ್ದು ತಮ್ಮೂರಿನ ದಖನಿ ಹಿಂದಿಯಲ್ಲಿ, ಈ ನಿಯಮ ಪಕ್ಕದವರಿಗಲ್ಲ, ತನಗೇ ಬೇಕು ಎನ್ನುವವರು ಕೈ ಎತ್ತಲಿ ಎಂದು ಕೇಳಿಕೊಂಡರು. ಅದನ್ನೇ ಕನ್ನಡದಲ್ಲೂ ಹೇಳಿದರು.

ಯಾರೂ ಎತ್ತಲಾರರೆಂದು ಅವರು ನಂಬಿದ್ದರು. ಮೂಲೆಯಿಂದ ವೀರಯ್ಯನವರ ಕೈ ಮೇಲೆದ್ದಿತು.

“ನನಗ ಬೇಕ್ರಿ. ಅವತ್ತು ನಿಮ್ಮ ಮುಂದ ಸುಳ್ಳು ಹೇಳಿದೆ. ಮೆಟ್ಟಿಲ ಕಾಣಂಗಿಲ್ಲ, ಅಂಜಿಕಿ ಬರ್ತದ.”

 ಶರಣಬಸಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು. ಊರೂರಿಗೆ ನ್ಯಾಯ ಹೇಳಲು ಹೊರಟವಳಿಗೆ ಪಕ್ಕದ ಕೋಣೆಯವನ ಭಯ ಕಂಡಿರಲಿಲ್ಲ. ಆದರೂ ನಿಂತಲ್ಲಿಂದ ಕದಲಲಿಲ್ಲ.

“ವೀರಯ್ಯಾರು ಕೈ ಕೇಳ್ಯಾರ. ನಾಳಿಂದ ನಾನೇ ಕೈ ಕೊಡ್ತೀನಿ,” ಎಂದರು. “ಅವರಿಗೆ ಕೈ ಬೇಕಂತ ಎಲ್ಲರ ಕಾಲು ಕಟ್ಟೋದ್ಯಾಕ?”

ದಯಾನಂದ ಅದನ್ನು ಹಿಂದಿಯಲ್ಲಿ ಹೇಳಿದ. ಶೀತಲ್ ಬರೆದುಕೊಂಡಳು, ಮಾತು ಮಾತ್ರ ಕೊಡಲಿಲ್ಲ.

ಕಚೇರಿಯ ಉತ್ತರಕ್ಕೆ ಕಾಯದೆ, ಮರುದಿನವೇ ಮಠದವರು ಪಂಪಿನ ಪೈಪು ಎಳೆದು, ಪಕ್ಕದ ದೋಣಿಯವರನ್ನು ಕೂಡಿಸಿಕೊಂಡು, ನಾಲ್ಕು ದಿನದಲ್ಲಿ ತಾವು ಇಳಿಯುವ ಮೆಟ್ಟಿಲುಗಳ ಕೆಸರನ್ನೆಲ್ಲ ತೊಳೆದು ತೆಗೆದರು. ಗೋಡೆಯುದ್ದಕ್ಕೂ ಒಂದು ಹಗ್ಗ ಕಟ್ಟಿದರು.

ಅಂತಿಮ ಆದೇಶ ಚಳಿ ಹಿಡಿದ ಮೇಲೆ ಬಂತು. ನಿಯಮ ಉಳಿದಿತ್ತು, ಒಂದು ಸಾಲು ಹೊಸದಾಗಿ ಸೇರಿತ್ತು: ಸ್ವಂತ ಹೊಣೆಯ ಮೇಲೆ ಬೇಡವೆಂದು ಬರೆದುಕೊಟ್ಟವರಿಗೆ ಇದು ಅನ್ವಯಿಸದು. ಪೂರ್ತಿ ಗೆಲುವಲ್ಲ. ತನ್ನ ಬೆಳಗನ್ನು ತಾನೇ ಅರ್ಜಿ ಬರೆದು ಬಿಡಿಸಿಕೊಳ್ಳಬೇಕಾಯಿತಲ್ಲ ಎಂದು ಶರಣಬಸಮ್ಮ ಗೊಣಗಿದರು; ಗೊಣಗುತ್ತಲೇ ಮೊದಲ ಸಹಿ ಹಾಕಿದರು.

ಎಂಟು ಮಂದಿ ಬರೆದುಕೊಟ್ಟರು. ಕೋಲೂರಿಕೊಂಡು ಮರಳಿದ್ದ ಗುಂಡಪ್ಪನವರೂ, ಶರಣಬಸಮ್ಮನ ಕೈಯನ್ನು ನಂಬಿದ ವೀರಯ್ಯನವರೂ ಅವರಲ್ಲಿದ್ದರು. ತಿರುಮಲಮ್ಮ ಮಾತ್ರ, ಏಳು ಗಂಟೆಯ ಬಿಸಿಲೇ ತನಗೆ ಹಿತ, ಬಾಗಿಲು ಹಾಕಿದ್ದರೆ ನಿಶ್ಚಿಂತೆಯ ನಿದ್ದೆ ಎಂದರು. ಬರೆದುಕೊಡೆಂದು ಶರಣಬಸಮ್ಮ ಒಂದು ಮಾತೂ ಹೇಳಲಿಲ್ಲ.

ಮರುದಿನ ಐದಕ್ಕೆ ದಯಾನಂದ ಅಗಳಿ ಸರಿಸಿದ. ಹೊರಗೆ ದಟ್ಟ ಮಂಜು. ವೀರಯ್ಯನವರು ಶಾಲು ಹೊದ್ದು ಸಿದ್ಧರಾಗಿ ನಿಂತಿದ್ದರು. ಶರಣಬಸಮ್ಮ ಅವರ ಕೈ ಹಿಡಿದು, ಒಂದೊಂದೇ ಮೆಟ್ಟಿಲನ್ನು ಎಣಿಸಿ ಹೇಳುತ್ತ ಇಳಿಸತೊಡಗಿದರು.