ಗ್ರೇಡಿ ನೋಡಿಟ್ಟ ಮನೆ

ಹೊಸ ಮನೆಯ ಹೊಸ್ತಿಲು ದಾಟಿ ಮಾರ್ಲಾ ಇನ್ನೂ ಕೋಟು ಬಿಚ್ಚಿರಲಿಲ್ಲ, ಅಷ್ಟರಲ್ಲಿ ಇವೆಟ್‌ಳ ಹೆಸರು ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು.

"ಮಂಚ ಈ ರೂಮಲ್ಲಿ ಹಾಕಿದ್ರೆ ಬೆಳಗಿನ ಬಿಸಿಲು ಬರುತ್ತೆ ಅಂತ ಇವೆಟ್ ಹೇಳಿದ್ಲು," ಎಂದ ಗಂಡ ಗ್ರೇಡಿ. "ಚಳಿ ಶುರುವಾಗೋಕ್ ಮುಂಚೆ ಸೌದೆ ಹಾಕಿಸ್ಕೋಬೇಕಂತೆ. ಇವೆಟ್ಟೇ ಒಬ್ಬನಿಗೆ ಹೇಳಿಟ್ಟಿದ್ದಾಳೆ. ಆಮೇಲೆ ಓವನ್ನು, ಬಟ್ಟೆ ಒಗೆಯೋ ಮಷೀನು ಎರಡೂ ಒಟ್ಟಿಗೆ ಹಾಕ್ಬೇಡ. ಕರೆಂಟು ಹೋಗ್ಬಿಡುತ್ತೆ ಅಂತ ಇವೆಟ್..."

"ಉಸಿರಾಡೋದು ಹೇಗೆ ಅಂತಾನೂ ಹೇಳಿದ್ದಾಳಾ?" ಎಂದಳು ಮಾರ್ಲಾ.

ಗ್ರೇಡಿ ಅವಳ ಸೂಟ್‌ಕೇಸು ಎತ್ತಿ ಒಳಗಿಟ್ಟ. ಪಾಪದ ಪ್ರಾಣಿ. ಅಮೆರಿಕದ ವಾಯುಪಡೆಯಲ್ಲಿ ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಸಾರ್ಜೆಂಟು. ಇಟಲಿಯ ಉತ್ತರದಲ್ಲಿ, ಬೆಟ್ಟಗಳ ಬುಡದಲ್ಲಿರುವ ನೆಲೆಗೆ ಅವನಿಗೆ ವರ್ಗವಾಗಿತ್ತು. ನೆಲೆಯ ಬೇಲಿಯೊಳಗೆ ಸಂಸಾರಸ್ಥರಿಗೆ ಮನೆಗಳಿಲ್ಲ, ಸುತ್ತಲಿನ ಹಳ್ಳಿಗಳಲ್ಲಿ ಬಾಡಿಗೆಗೆ ಹುಡುಕಿಕೊಳ್ಳಬೇಕು. ಅವನು ಬೇಸಿಗೆಯಲ್ಲೇ ಬಂದಿದ್ದ. ಮಾರ್ಲಾ ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಸಾಮಾನು ಕಟ್ಟಿಸಿ, ಕಾರು ಮಾರಿ, ಹಿಂದಿನಿಂದ ಬಂದಳು. ಹೊಸದಾಗಿ ಬಂದವರ ಕೈಹಿಡಿದು ಮನೆ, ಅಂಗಡಿ, ದಾರಿ ತೋರಿಸಲು ಹಳಬರೊಬ್ಬರನ್ನು ಜೊತೆ ಹಾಕುವುದು ಪಡೆಯ ರೂಢಿ. ಗ್ರೇಡಿಯ ಪಾಲಿಗೆ ಬಂದವಳು ಇವೆಟ್. ಅವಳೂ ಸಾರ್ಜೆಂಟು, ಪೋರ್ಟೊರಿಕೊ ಕಡೆಯವಳು. ಮನೆಮಾತು ಸ್ಪ್ಯಾನಿಷ್ ಆದ್ದರಿಂದ ಇಟಾಲಿಯನ್ ಭಾಷೆ ಅವಳಿಗೆ ಬೇಗ ಒಲಿದಿತ್ತು. ಮದುವೆಯಿಲ್ಲ, ಮಕ್ಕಳಿಲ್ಲ, ಬಾಗಿಲು ತಾಗುವಷ್ಟು ಎತ್ತರ.

ಆ ಎತ್ತರವೇ ಮಾರ್ಲಾಳಿಗೆ ಮೊದಲು ಚುಚ್ಚಿದ್ದು. ಇಟಲಿಯಲ್ಲಿ ಮನೆ ಬಿಡುವವರು ಅಡುಗೆಮನೆಯ ಕಪಾಟನ್ನೂ ಬಿಚ್ಚಿಕೊಂಡು ಹೋಗುತ್ತಾರೆ, ಬರುವವರು ತಮ್ಮದನ್ನು ಹೊಡೆಸಿಕೊಳ್ಳಬೇಕು. ಇಲ್ಲಿ ಕಪಾಟು ಹೊಡೆಸುವಾಗ ಎದುರಿಗೆ ನಿಂತಿದ್ದವಳು ಇವೆಟ್. ಹಾಗಾಗಿ ಎಲ್ಲವೂ ಅವಳ ಕೈಯೆತ್ತರಕ್ಕೆ ಕೂತಿದ್ದವು. ತನ್ನದೇ ಅಡುಗೆಮನೆಯಲ್ಲಿ ಒಂದು ತಟ್ಟೆ ತೆಗೆಯಲು ಮಾರ್ಲಾ ಸ್ಟೂಲು ಹತ್ತಬೇಕು. ಹತ್ತಿದಾಗಲೆಲ್ಲ ಉರಿದುಬೀಳುತ್ತಿದ್ದಳು. ನನ್ನ ಗಂಡ, ನನ್ನ ಮನೆ, ಎರಡನ್ನೂ ಇವಳು ಅಳತೆ ತೆಗೆದು ಹೊಂದಿಸಿಟ್ಟು ಹೋಗಿದ್ದಾಳಲ್ಲ!

ಈ ಉರಿಗೆ ತುಪ್ಪ ಸುರಿದವಳು ಮನೆಯೊಡತಿ ನೆರಿನಾ. ಕೆಳಗಿನ ಮನೆಯಲ್ಲಿ ಒಬ್ಬಳೇ ಇರುವ ಮುದುಕಿ. ಸದಾ ಹೂವಿನ ಚಿತ್ರದ ಏಪ್ರನ್ನು, ಕೈಯಲ್ಲಿ ಗುದ್ದಲಿಯೋ ಪೊರಕೆಯೋ. ಮಾರ್ಲಾ ಬಾಯ್ತುಂಬ "ಬೊಂಜೋರ್ನೊ" ಎಂದು ನಮಸ್ಕರಿಸಿದರೆ, ಮುದುಕಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ ಮುಖ ತಿರುಗಿಸುತ್ತಿದ್ದಳು. ಅವಳಿಗೆಂದು ಮಾರ್ಲಾ ಮೆಟ್ಟಿಲ ಮೇಲಿಟ್ಟ ಕೇಕನ್ನು ಮುದುಕಿ ಕೋಳಿಗಳಿಗೆ ಹಾಕಿದಳು. ಗ್ರೇಡಿ ಸಿಕ್ಕಿದಾಗ ಮಾತ್ರ ತಡೆದು ನಿಲ್ಲಿಸಿ ಒಂದೇ ಪ್ರಶ್ನೆ: ಸಿನ್ಯೋರಾ, ಅಂದರೆ ಅಮ್ಮಾವ್ರು, ಎಲ್ಲಿ? ಇವೆಟ್ ಯಾವಾಗ ಬರ್ತಾಳೆ? ಅಷ್ಟು ಇಟಾಲಿಯನ್ ಮಾರ್ಲಾಳಿಗೂ ತಿಳಿಯುತ್ತಿತ್ತು. ಗ್ರೇಡಿಗೆ ತಿಳಿಯುತ್ತಿರಲಿಲ್ಲ. ಅವನು ಎಲ್ಲದಕ್ಕೂ "ಸಿ, ಸಿ, ಬೆನೆ", ಹೌದು ಹೌದು, ಸರಿ, ಎಂದು ತಲೆಯಾಡಿಸಿ ಮೆಟ್ಟಿಲು ಹತ್ತಿಬಿಡುತ್ತಿದ್ದ.

"ಆ ಮುದುಕಿಗೂ ಅವಳೇ ಬೇಕು," ಎಂದಳು ಮಾರ್ಲಾ ಒಂದು ದಿನ ಊಟಕ್ಕೆ ಕೂತಾಗ.

"ಯಾರಿಗೂ ಯಾರೂ ಬೇಡ ಕಣೇ. ಊಟ ಮಾಡು."

"ನಿನಗೆ?"

ಗ್ರೇಡಿ ಫೋರ್ಕು ಕೆಳಗಿಟ್ಟ. "ಮನೆ ಹುಡುಕಿ ಕೊಟ್ಟಿದ್ದಾಳೆ ಅಷ್ಟೇ. ನಿನಗೆ ಮನೆ ಹಿಡಿಸಿಲ್ಲ ಅಂತ ಹೇಳು, ಬೇರೆ ನೋಡೋಣ."

ಹಿಡಿಸಿಲ್ಲ ಎಂದು ಅವಳು ಅದಾಗಲೇ ಫೋನಿನಲ್ಲಿ ತಾಯಿಗೆ ಹೇಳಿಯಾಗಿತ್ತು. ಹಿಂದೆ ಗ್ರೇಡಿಗೆ ವರ್ಗವಾಗಿದ್ದ ಜಪಾನಿನ ಓಕಿನಾವಾದಲ್ಲಿ ಮನೆಯ ಗೋಡೆಗಳಿಗೆ ಬೂಷ್ಟು ಹಿಡಿಯುತ್ತದೆಂದು ಅರ್ಧಕ್ಕೇ ತವರಿಗೆ ಹೋಗಿ ಕೂತವಳು ಅವಳು. ಜರ್ಮನಿಯಲ್ಲಿ ಭಾನುವಾರ ಮೊಳೆ ಹೊಡೆದರೂ ಕೆಳಗಿನವರು ಜಗಳಕ್ಕೆ ಬರುತ್ತಾರೆಂದು ಮತ್ತೆ ಗಂಟುಮೂಟೆ ಕಟ್ಟಿದಳು. ಈ ಸಲ ಕ್ರಿಸ್‌ಮಸ್ಸಿಗೆ ಮುಂಚೆ ಬರುತ್ತೇನೆ ಎಂದಿದ್ದಳು ತಾಯಿಗೆ. ಬಂದರೆ ವಾಪಸು ಹೋಗುವುದಿಲ್ಲ ಎಂಬುದನ್ನು ತಾಯಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ಅದು ಗಟ್ಟಿಯಾಗುತ್ತಾ ಬಂದಿತ್ತು. ಇವೆಟ್‌ಳ ಮೇಲಿನ ಹೊಟ್ಟೆಕಿಚ್ಚು ಅದಕ್ಕೊಂದು ಒಳ್ಳೆಯ ನೆವವನ್ನೂ ಒದಗಿಸಿತ್ತು.

ಭಾನುವಾರ ಬೆಳಿಗ್ಗೆ ಕಾರು ಬಂದು ನಿಂತಿತು. ಕೋಣೆಗಳಿಗೆ ಬೇಕಾದ ದೀಪಗಳನ್ನು ಹೊತ್ತು ಇವೆಟ್ ಇಳಿದಳು. ಹಿಂದಿನವರು ಕಪಾಟಿನ ಜೊತೆಗೆ ದೀಪಗಳನ್ನೂ ಕಿತ್ತುಕೊಂಡು ಹೋಗಿದ್ದರು, ಛಾವಣಿಯಿಂದ ಬರೀ ವೈರುಗಳು ನೇತಾಡುತ್ತಿದ್ದವು. ಗ್ರೇಡಿ, ಮಾರ್ಲಾ ಇಬ್ಬರೂ ಅಂಗಳಕ್ಕಿಳಿದರು. ಮಾರ್ಲಾ ಮುಖವನ್ನು ಕಲ್ಲು ಮಾಡಿಕೊಂಡೇ ಬಂದಿದ್ದಳು.

ಅಷ್ಟರಲ್ಲಿ ತೋಟದ ಕಡೆಯಿಂದ ನೆರಿನಾ ಓಡಿ ಬಂದಳು. ಆ ವಯಸ್ಸಿನಲ್ಲಿ ಆ ಓಟ! ಇವೆಟ್‌ಳನ್ನು ಬಾಚಿ ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟಳು. ಮರುಗಳಿಗೆಯೇ ಗ್ರೇಡಿಯ ಕಡೆ ತಿರುಗಿ ಪೊರಕೆಯಿಂದ ಅವನ ತೊಡೆಗೆ ಒಂದು ಬಾರಿಸಿದಳು. ಬಾಯಿಂದ ಬೈಗುಳದ ಸುರಿಮಳೆ. ಕೈ ಒಮ್ಮೆ ಇವೆಟ್‌ಳ ಕಡೆ, ಒಮ್ಮೆ ಮಾರ್ಲಾಳ ಕಡೆ.

ಇವೆಟ್ ಕೇಳುತ್ತಾ ನಿಂತಳು. ಬಾಯಿ ತೆರೆಯಿತು. ಆಮೇಲೆ ದೀಪದ ಡಬ್ಬ ನೆಲಕ್ಕಿಟ್ಟು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಏನಂತಾಳೆ?" ಎಂದಳು ಮಾರ್ಲಾ. ದನಿ ಚಾಕುವಿನಂತಿತ್ತು.

"ಅಯ್ಯೋ ದೇವರೇ, ಮಾರ್ಲಾ... ನಾನೇ ಇವನ ಹೆಂಡ್ತಿ ಅಂದ್ಕೊಂಡಿದ್ದಾಳೆ! ಮನೆ ನೋಡೋಕೆ ಬಂದ ದಿನ, ನಾನು ಮೇಲೆ ರೂಮು ನೋಡ್ತಿದ್ದಾಗ, ಇವನನ್ನ ಕೇಳಿದ್ಲಂತೆ, ಇವಳು ನಿನ್ನ ಹೆಂಡ್ತೀನಾ ಅಂತ. ಈ ಮಹಾನುಭಾವ 'ಸಿ, ಸಿ' ಅಂದನಂತೆ. ಈಗ ನೋಡಿದ್ರೆ, 'ಹೆಂಡ್ತಿನ ಎಲ್ಲೋ ಓಡಿಸಿ ಇನ್ಯಾವಳನ್ನೋ ತಂದು ನನ್ನ ಮನೇಲಿ ಇಟ್ಕೊಂಡಿದ್ದೀಯಲ್ಲ ನಾಚಿಕೆಗೆಟ್ಟವನೇ' ಅಂತಾಳೆ!"

ಗ್ರೇಡಿ ಕಿವಿಯವರೆಗೆ ಕೆಂಪಾದ. ಮಾರ್ಲಾಳಿಗೂ ನಗು ಬಂತು, ತಡೆಯಲಾಗಲಿಲ್ಲ. ಹಾಗಾದರೆ ಕೇಕು ಕೋಳಿಯ ಪಾಲಾದದ್ದು ಇದಕ್ಕೆ! ಇಷ್ಟು ದಿನದ ಉರಿ ಒಮ್ಮೆಲೇ ತಣ್ಣಗಾದಂತಾಯಿತು.

ಇವೆಟ್ ಮುದುಕಿಗೆ ನಿಜ ಸಂಗತಿ ಬಿಡಿಸಿ ಹೇಳಿದಳು. ನೆರಿನಾ ಮಾತ್ರ ನಗಲಿಲ್ಲ. ಮಾರ್ಲಾಳನ್ನೇ ದಿಟ್ಟಿಸಿ ನೋಡಿ ಮೆಲ್ಲಗೆ ಏನೋ ಅಂದಳು. ಇವೆಟ್‌ಳ ನಗು ನಿಂತುಹೋಯಿತು.

"ಈಗೇನಂದ್ಲು?"

"ಏನಿಲ್ಲ. ಕ್ಷಮಿಸು ಅಂದ್ಲು."

ಅಷ್ಟೇ ಆಗಿರಲಿಲ್ಲ. ಮುದುಕಿ ಮತ್ತೆ ಅದನ್ನೇ ಅಂದಳು, ಈ ಸಲ ಕೈ ಮಾಡಿ ತೋರಿಸಿ. ಗ್ರೇಡಿಯನ್ನು ತೋರಿಸಿದಳು, ಇವೆಟ್‌ಳನ್ನು ತೋರಿಸಿದಳು, ತನ್ನ ತುಟಿಗಳ ಎರಡೂ ಕೊನೆಗಳನ್ನು ಬೆರಳಿನಿಂದ ಮೇಲೆತ್ತಿ ನಗುಮುಖ ಮಾಡಿದಳು. ಆಮೇಲೆ ಮಾರ್ಲಾಳನ್ನು ತೋರಿಸಿ, ಅದೇ ಬೆರಳುಗಳಿಂದ ತುಟಿಗಳನ್ನು ಕೆಳಗಿಳಿಸಿದಳು. ಇದಕ್ಕೆ ಯಾರ ಅನುವಾದವೂ ಬೇಕಿರಲಿಲ್ಲ. ಇವಳ ಜೊತೆ ನಗುತ್ತಿದ್ದ, ನಿನ್ನ ಜೊತೆ ನಗುವುದಿಲ್ಲ. ಅದಕ್ಕೇ ಇವಳೇ ಹೆಂಡತಿ ಅಂದುಕೊಂಡೆ.

ಇವೆಟ್ ದೀಪಗಳನ್ನು ಅಲ್ಲೇ ಬಿಟ್ಟು, ಕೆಲಸವಿದೆಯೆಂದು ಹೊರಟುಹೋದಳು.

ಮೇಲೆ ಬಂದ ಮೇಲೆ ಮಾರ್ಲಾ ಕೂರಲಿಲ್ಲ. "ನೀನು ಅವಳ ಜೊತೆ ಮಲಗಿಲ್ಲ ಅಂತ ನನಗೆ ಗೊತ್ತು," ಎಂದಳು. "ಮಲಗಿದ್ರೆ ಬೈದು, ಬಡಿದು, ಹೋಗಿಬಿಡ್ತಿದ್ದೆ. ನನ್ನ ಹೊಟ್ಟೆ ಉರಿಯೋದು ಅದಕ್ಕಲ್ಲ. ಅವಳಿಗೆ ನೀನು ನಗೋದು ಸಿಕ್ಕಿದೆ. ನನಗೆ ಯಾಕೆ ಸಿಗಲ್ಲ ಗ್ರೇಡಿ?"

ಅವನು ಏಣಿ ಹಾಕಿ ವೈರು ಬಿಡಿಸುತ್ತಿದ್ದವನು ಕೈ ನಿಲ್ಲಿಸಿದ.

"ಮನೆ ಚೆನ್ನಾಗಿದ್ರೂ ಕೆಟ್ಟದಾಗಿದ್ರೂ ಇವೆಟ್ ಎಲ್ಲಿಗೂ ಹೋಗಲ್ಲ ಕಣೇ. ಹೋದ್ರೂ ನನಗೇನು? ಅದಕ್ಕೇ ನಗ್ತಿದ್ದೆ. ನಿನ್ನ ಜೊತೆ... ಪ್ರತಿ ಸಲ ಬಾಗಿಲು ತೆಗೆದಾಗ ನಾನು ಮನೆ ನೋಡಲ್ಲ, ನಿನ್ನ ಮುಖ ನೋಡ್ತೀನಿ. ಇವಳು ಇಲ್ಲಾದ್ರೂ ಇರ್ತಾಳಾ, ಇಲ್ಲಿಂದಾನೂ ಹೋಗ್ತಾಳಾ ಅಂತ. ಉಸಿರು ಬಿಗಿಹಿಡಿದು ನಿಂತವನಿಗೆ ನಗು ಎಲ್ಲಿಂದ ಬರಬೇಕು ಹೇಳು."

ಜಗಳಕ್ಕೆಂದು ಸೊಂಟ ಕಟ್ಟಿ ನಿಂತ ಮಾರ್ಲಾಳಿಗೆ ಜಗಳವೇ ಕೈಜಾರಿ ಹೋಗಿತ್ತು. ಈ ಮನುಷ್ಯನನ್ನು ತಾನು ಕೊನೆಯ ಸಲ ನಗಿಸಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಇನ್ನೊಬ್ಬಳ ಪಾಲಿಗೆ ಸಲೀಸಾಗಿ ಸಿಕ್ಕಿದ್ದನ್ನು ತನ್ನ ಪಾಲಿಗೆ ಇಲ್ಲವಾಗಿಸಿಕೊಂಡವಳು ತಾನೇ. ಹೊಟ್ಟೆಕಿಚ್ಚು ಹೋಗಲಿಲ್ಲ, ಅಲ್ಲೇ ಇತ್ತು. ಈಗ ಅದನ್ನು ಯಾರ ಮೇಲೂ ಎತ್ತಿಹಾಕಲು ಮಾತ್ರ ಬರುತ್ತಿರಲಿಲ್ಲ.

ಅವಳು ಏಣಿಯ ಬುಡಕ್ಕೆ ಹೋಗಿ ಅಲುಗದಂತೆ ಹಿಡಿದುಕೊಂಡಳು.

"ಮನೆ ಚೆನ್ನಾಗಿದೆ ಕಣೋ," ಎಂದಳು.

ಗ್ರೇಡಿ ಮೇಲಿನಿಂದ ಬಗ್ಗಿ ಅವಳ ಮುಖ ನೋಡಿದ. ಇಷ್ಟು ವರ್ಷಗಳಲ್ಲಿ ಅವಳು ಯಾವ ಮನೆಯನ್ನೂ ಚೆನ್ನಾಗಿದೆ ಅಂದದ್ದಿಲ್ಲ, ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಯಾವ ಮನೆ?" ಎಂದು ಕೇಳಿದ.