ಮೊದಲ ಸಾಲಿನ ಹೆಸರು

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಅವಳ ಬಣ್ಣಕ್ಕಲ್ಲ, ಅವಳ ಕೆಲಸಕ್ಕೂ ಅಲ್ಲ. ನನ್ನ ಮಗಳು ಹೊರಗಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ‘ಚಿಕ್ಕಮ್ಮ ಬಂದ್ರಾ?’ ಎಂದು ಕೇಳುತ್ತಾಳಲ್ಲ, ಅದಕ್ಕೆ.

ಒಂದೇ ಮನೆ. ಕೆಳಗೆ ನಾವು, ಮೇಲೆ ಮೈದುನ ಮತ್ತು ಅವಳು. ನಮ್ಮ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ನಮ್ಮನೆಯವರು ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆಯೇ ಇರುತ್ತಾರೆ. ವಾರಗಿತ್ತಿ ಒಂದು ಕ್ಲಿನಿಕ್ಕಿನಲ್ಲಿ ಬಂದವರಿಗೆ ಟೋಕನ್ ಕೊಟ್ಟು, ನಂಬರು ಕೂಗಿ ಒಳಗೆ ಕಳಿಸುತ್ತಾಳೆ. ಮಕ್ಕಳಿಲ್ಲ. ಅದನ್ನು ಎತ್ತಿ ಆಡುವಷ್ಟು ಕೆಟ್ಟವಳಲ್ಲ ನಾನು. ಮನಸ್ಸಿನಲ್ಲೇ ಆಡಿಕೊಂಡಿದ್ದೇನೆ, ಅದು ಬೇರೆ ಮಾತು.

ಈ ವರ್ಷ ಮಗಳು ಪುಟ್ಟಿಗೆ ಎಂಟನೇ ಕ್ಲಾಸು, ಹೊಸ ಹೈಸ್ಕೂಲು. ಶಾಲೆ ಶುರುವಾಗಲು ಹತ್ತು ದಿನ ಇರುವಾಗ ಅಪ್ಪ ಅಮ್ಮಂದಿರನ್ನೆಲ್ಲ ಒಂದು ಮೀಟಿಂಗಿಗೆ ಕರೆದರು. ಆ ಹತ್ತು ದಿನಗಳಲ್ಲಿ ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಊರಿನ ಅರ್ಧ ಮಕ್ಕಳ ಯೂನಿಫಾರಂ ನನ್ನ ಮೇಜಿನ ಮೇಲೆ ಬಿದ್ದಿರುತ್ತದೆ. “ನಾನು ರಜೆ ಹಾಕಿ ಹೋಗ್ಬರ್ತೀನಿ ಬಿಡಿ ಅಕ್ಕ” ಎಂದಳು ವಾರಗಿತ್ತಿ. ಹೋಗು ಎಂದವಳೂ ನಾನೇ.

ಹೋಗಿ ಬಂದವಳು ಮಾಸ್ತರರಂತೆ ಆಗಿಬಿಟ್ಟಳು. ಶಾಲೆ ಶುರುವಾಗುವ ಒಂದು ವಾರ ಮುಂಚೆಯೇ ಶಾಲೆಯ ಹೊತ್ತಿಗೆ ಏಳಿಸಬೇಕಂತೆ. ಹೋಗುವ ದಾರಿಯನ್ನು ಒಮ್ಮೆ ಬಸ್ಸಿನಲ್ಲಿ ಹೋಗಿ ನೋಡಬೇಕಂತೆ. ಚೀಲವನ್ನು ಹಿಂದಿನ ಸಂಜೆಯೇ ಜೋಡಿಸಿಡಬೇಕಂತೆ. ಮಕ್ಕಳು ತಮಗೆ ಯಾವುದು ಭಯ ಎಂದು ಮೂರು ವಿಷಯ ಬಾಯಿಬಿಟ್ಟು ಹೇಳಬೇಕಂತೆ, ಮನೆಯವರು ನಡುವೆ ಬಾಯಿ ಹಾಕದೆ ಕೇಳಬೇಕಂತೆ. ನಾನು ನಕ್ಕೆ. ನಮ್ಮ ಕಾಲದಲ್ಲಿ ಶಾಲೆ ಶುರುವಾಯಿತು, ಹೋದೆವು. ಭಯ ಇತ್ತು, ಅದೂ ಜೊತೆಗೇ ಬಂತು.

ಆದರೂ ಮಾರನೆಯ ದಿನ ಗುಂಡಿ ಹಚ್ಚುತ್ತ, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಪುಟ್ಟಿಯನ್ನು ಕೇಳಿದೆ. “ಏನೇ, ನಿಂಗೆ ಏನು ಭಯ?”

“ಏನಿಲ್ಲ ಅಮ್ಮ” ಎಂದಳು.

ಅದೇ ಸಂಜೆ ಮೆಟ್ಟಿಲ ಮೇಲೆ ಚಿಕ್ಕಮ್ಮನ ಪಕ್ಕ ಕೂತು ಮೂರನ್ನೂ ಹೇಳುತ್ತಿದ್ದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಒಂದು, ಯಾವ ಕೋಣೆಗೆ ಹೋಗಬೇಕೋ ಗೊತ್ತಾಗದಿದ್ದರೆ? ಎರಡು, ಊಟದ ಹೊತ್ತಿಗೆ ಪಕ್ಕದಲ್ಲಿ ಯಾರೂ ಕೂರದಿದ್ದರೆ? ಮೂರು, ಎಲ್ಲರ ಮುಂದೆ ಬೋರ್ಡಿಗೆ ಕರೆದರೆ? ವಾರಗಿತ್ತಿ ಹೂಂಗುಟ್ಟುತ್ತ ಕೂತಿದ್ದಳು, ನಡುವೆ ಒಂದು ಮಾತೂ ಆಡಲಿಲ್ಲ. ನನ್ನ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು. ಹೆತ್ತವಳಿಗೆ ‘ಏನಿಲ್ಲ’, ಟೋಕನ್ ಕೊಡುವವಳಿಗೆ ಮೂರೂ!

ಉರಿಯುವ ಬೆಂಕಿಗೆ ತುಪ್ಪ ಸುರಿದದ್ದು ಆ ಫಾರಂ. ಮೀಟಿಂಗಿನಲ್ಲಿ ಶಾಲೆಯವರು ಕೊಟ್ಟದ್ದು, ಹುಡುಗರು ತಾವೇ ತುಂಬಿ ಮನೆಯವರ ಸೈನು ಹಾಕಿಸಿ, ಮೊದಲ ದಿನ ಕವರಿನಲ್ಲಿ ತರಬೇಕು. ಕೊನೆಯಲ್ಲಿ ಎರಡು ಸಾಲು. ಶಾಲೆಯಲ್ಲಿ ತೊಂದರೆಯಾದರೆ ಮೊದಲು ಯಾರಿಗೆ ಫೋನ್ ಮಾಡಬೇಕು, ಅವರು ಸಿಗದಿದ್ದರೆ ಯಾರಿಗೆ. ಮೊದಲ ಸಾಲಿನಲ್ಲಿ ಪುಟ್ಟಿ ದುಂಡಗೆ ಚಿಕ್ಕಮ್ಮನ ಹೆಸರು ಬರೆದಿದ್ದಳು. ನಾನು ಎರಡನೆಯದರಲ್ಲಿದ್ದೆ.

ಅವರಿಬ್ಬರೂ ದಾರಿ ನೋಡಿಬರಲು ಬಸ್ಸು ಹತ್ತಿದ್ದರು. ಫಾರಂ ನನ್ನ ಮೇಜಿನ ಮೇಲೆ ಸೈನಿಗಾಗಿ ಕಾದಿತ್ತು. ಒಂದು ಹಾಳಾದರೆ ಇರಲಿ ಎಂದು ಶಾಲೆಯವರು ಎರಡು ಕೊಟ್ಟಿದ್ದರು, ಇನ್ನೊಂದು ಖಾಲಿಯಾಗಿ ಅದರ ಕೆಳಗೇ ಇತ್ತು. ನಾನು ಕೂತು ಎಲ್ಲವನ್ನೂ ಅದಕ್ಕೆ ಇಳಿಸಿದೆ. ಮೊದಲ ಸಾಲಿಗೆ ನನ್ನ ಹೆಸರು, ಎರಡನೆಯದಕ್ಕೆ ನಮ್ಮನೆಯವರದ್ದು. ವಾರಗಿತ್ತಿಯ ಹೆಸರು ಎಲ್ಲೂ ಇಲ್ಲ. ಸೈನು ಹಾಕಿ, ಕವರಿಗೆ ತುರುಕಿ, ಅಂಟು ಹಚ್ಚಿ, ಚೀಲದೊಳಗಿಟ್ಟೆ. ಮಗಳು ಬರೆದ ಫಾರಂ ಗಟ್ಟಿ ಕಾಗದ. ಅದನ್ನು ಕತ್ತರಿಸಿ ಒಂದು ಕಾಲರಿನ ಅಚ್ಚು ಮಾಡಿ, ಅಳತೆ ಪುಸ್ತಕದೊಳಗೆ ಸೇರಿಸಿದೆ. ಕಾಗದ ಪೋಲು ಮಾಡುವುದು ನನಗೆ ಆಗದು.

ಆಮೇಲೆ ಯೂನಿಫಾರಂ. ಪ್ರತಿ ವರ್ಷ ನನ್ನ ಮಗಳದ್ದೇ ಕೊನೆ. ದೀಪದ ಬುಡದಲ್ಲಿ ಕತ್ತಲೆ. ಈ ಸಲ ಹಾಗಾಗಬಾರದು, ಇಡೀ ಶಾಲೆಯಲ್ಲಿ ಅಂಥ ಶರ್ಟು ಇನ್ನೊಂದಿರಬಾರದು ಎಂದು ಹಟ ಹುಟ್ಟಿತು. ಭಯ ಕೇಳುವುದು ಯಾರಿಗೂ ಬರುತ್ತದೆ, ಶರ್ಟು ಹೊಲಿಯಲಿ ನೋಡೋಣ!

“ಅಳತೆ ತಗೊ ಅಮ್ಮ” ಎಂದು ಪುಟ್ಟಿ ಬಂದು ನಿಂತಳು.

“ನಿನ್ನ ಅಳೆಯೋಕೆ ನಂಗೆ ಟೇಪ್ ಬೇಕಾ? ಹೆತ್ತವಳು ಕಣೇ ನಾನು. ಹೋಗು, ಓದ್ಕೊ.”

ಕಳೆದ ವರ್ಷದ ಅಳತೆ ತೆಗೆದೆ, ಒಂದು ಬೆರಳು ಕೂಡಿಸಿದೆ, ಕತ್ತರಿ ಹಾಕಿದೆ. ಬೇರೆ ಮಕ್ಕಳ ಬಟ್ಟೆಗೆ ಒಳಗೆ ಎರಡು ಬೆರಳು ಬಿಟ್ಟೇ ಹೊಲಿಯುತ್ತೇನೆ. ಬೆಳೆಯುವ ಮೈ, ನಡುವರ್ಷದಲ್ಲಿ ಬಿಚ್ಚಿ ದೊಡ್ಡದು ಮಾಡಬಹುದು. ಮಗಳ ಶರ್ಟು ಒಳಗೂ ಹೊರಗೂ ಒಂದೇ ಸಮ ಕಾಣಲಿ ಎಂದು ಆ ಎರಡು ಬೆರಳನ್ನೂ ಕತ್ತರಿಸಿ ಬಿಸಾಡಿದೆ. ಅಂಗಡಿ ಇಟ್ಟ ಹನ್ನೊಂದು ವರ್ಷದಲ್ಲಿ ಅಷ್ಟು ಚಂದದ ಹೊಲಿಗೆ ಹಾಕಿರಲಿಲ್ಲ.

ಪುಟ್ಟಿ ತೊಟ್ಟು ಕನ್ನಡಿಯ ಮುಂದೆ ನಿಂತಳು. ಉಸಿರು ಸ್ವಲ್ಪ ಹಿಡಿದಿದ್ದಳು ಎಂದು ಈಗ ಅನ್ನಿಸುತ್ತದೆ. “ಸರಿಯಾಗಿದೆ ಅಮ್ಮ” ಎಂದಳು.

ವಾರಗಿತ್ತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ತುಂಬಾ ಚೆನ್ನಾಗಿದೆ ಅಕ್ಕ. ಕಂಕುಳ ಹತ್ರ ಸ್ವಲ್ಪ ಬಿಗಿ ಇದ್ಯೇನೋ, ಒಂದ್ಸಲ ನೋಡ್ತೀರಾ? ಈಗ ಬೆಳೆಯೋ ವಯಸ್ಸು. ಹೋದ ತಿಂಗಳು ಒಳಬಟ್ಟೆ ತರೋಕೆ ಹೋದಾಗ್ಲೂ ಎರಡು ಸೈಜು ಮುಂದಕ್ಕೆ ಹೋಗಿತ್ತು.”

ಒಳಬಟ್ಟೆ! ಅದನ್ನೂ ಇವಳೇ ಕೊಡಿಸಿದ್ದಾಳೆ. ಊರಿನ ಮಕ್ಕಳ ಎದೆ, ಸೊಂಟ, ತೋಳು ಎಲ್ಲ ನನ್ನ ಪುಸ್ತಕದಲ್ಲಿದೆ. ನನ್ನ ಮಗಳದ್ದು ಇವಳ ತಲೆಯಲ್ಲಿದೆ. “ನೀನ್ಯಾವಾಗ ಟೈಲರ್ ಆದೆ? ಮೊಸರಲ್ಲಿ ಕಲ್ಲು ಹುಡುಕಬೇಡ” ಎಂದೆ. ಅವಳು ಮೆಟ್ಟಿಲು ಹತ್ತಿದಳು. ನಾನು ಕಂಕುಳ ಹತ್ತಿರ ನೋಡಲೇ ಇಲ್ಲ. ಬಿಗಿ ಕಂಡರೆ ಅವಳ ಮಾತು ಗೆದ್ದ ಹಾಗಾಗುತ್ತಿತ್ತು.

ಮೊದಲ ದಿನ ಪುಟ್ಟಿ ತಾನೇ ಎದ್ದಳು, ತಾನೇ ತಿಂದಳು, ತಾನೇ ಬಸ್ಸು ಹತ್ತಿದಳು. ಅಭ್ಯಾಸ ಮಾಡಿಸಿದವಳಿಗೆ ಕೈ ಬೀಸಿದಳು, ನನಗೂ ಬೀಸಿದಳು. ಯಾರಿಗೆ ಮೊದಲು ಎಂದು ನೋಡಿದೆ. ನೋಡಬಾರದಿತ್ತು.

ಆ ದಿನ ನನ್ನ ಬಳಿ ಹನ್ನೊಂದು ಜೊತೆ ಬಟ್ಟೆ ಬಾಕಿ ಉಳಿದಿತ್ತು. ಬಾಗಿಲಲ್ಲಿ ತಾಯಂದಿರು ನಿಂತು ‘ನಮ್ಮ ಹುಡುಗ ಬಣ್ಣದ ಬಟ್ಟೇಲಿ ಹೋದ’ ಎಂದು ಗೊಣಗುತ್ತಿದ್ದರು. ಮೋಟಾರು ಹಾಕಿದ ಮಿಷಿನ್ನು ಬೆಳಿಗ್ಗೆಯಿಂದ ಬಾಯಿ ಮುಚ್ಚಲಿಲ್ಲ. ಫೋನು ಎಲ್ಲೋ ಬಟ್ಟೆಯ ರಾಶಿಯ ಕೆಳಗೆ ಹೂತುಹೋಗಿತ್ತು.

ಸಂಜೆ ನಾಲ್ಕೂವರೆಗೆ ಪುಟ್ಟಿ ಬಂದಳು. ಮೈಮೇಲೆ ಯಾರದೋ ದೊಡ್ಡ ನೀಲಿ ಜಾಕೆಟ್, ಗಲ್ಲದವರೆಗೂ ಜಿಪ್ ಎಳೆದಿತ್ತು. ಈ ಸೆಕೆಯಲ್ಲಿ ಜಾಕೆಟ್ ಯಾಕೆ ಎಂದು ಕೇಳಿದೆ. ಅವಳು ಜಿಪ್ ಬಿಚ್ಚಿದಳು. ನನ್ನ ಹೊಲಿಗೆ ಕಂಕುಳಿನಿಂದ ಸೊಂಟದವರೆಗೆ ಒಂದೇ ಉದ್ದಕ್ಕೆ ಬಿಟ್ಟುಕೊಂಡಿತ್ತು. ಪಿನ್ನು ಚುಚ್ಚಲೂ ಒಳಗೆ ಬಟ್ಟೆ ಇರಲಿಲ್ಲ.

“ಹೊಸಬರೆಲ್ಲ ಬೋರ್ಡ್ ಮೇಲೆ ಹೆಸರು ಬರೀಬೇಕು ಅಂದ್ರು. ಕೈ ಎತ್ತಿದೆ” ಎಂದಳು. “ಶಬ್ದ ಹಿಂದಿನ ಬೆಂಚಿಗೂ ಕೇಳಿಸ್ತು.”

“ಆಮೇಲೆ?”

“ಆಫೀಸಿಗೆ ಕಳಿಸಿದ್ರು. ಬ್ಯಾಗ್ ತಬ್ಕೊಂಡು ಕೂತಿದ್ದೆ. ನಿಂಗೆ ಫೋನ್ ಮಾಡಿದ್ರು, ಐದು ಸಲ. ಅಪ್ಪಂದು ಹತ್ತಲೇ ಇಲ್ಲ. ಚಿಕ್ಕಮ್ಮನ ನಂಬರ್ ನಂಗೆ ಬಾಯಿಪಾಠ ಇದೆ, ಹೇಳ್ತೀನಿ ಅಂದೆ. ಫಾರಂನಲ್ಲಿ ಇಲ್ಲದವರಿಗೆ ಮಾಡೋ ಹಾಗಿಲ್ಲ ಅಂದ್ರು. ಎರಡು ಗಂಟೆ ಕಾದ್ಮೇಲೆ ಆಟದ ಟೀಚರ್ ಈ ಜಾಕೆಟ್ ಕೊಟ್ರು.”

ನಾನು ಬಟ್ಟೆಯ ರಾಶಿಯನ್ನು ಕೆದಕಿದೆ. ಫೋನಿನಲ್ಲಿ ಐದು ಕರೆ, ಹತ್ತೂ ಮುಕ್ಕಾಲಿನಿಂದ ಶುರು.

“ಫಾರಂ ತೋರಿಸಿದ್ರು” ಎಂದಳು ಪುಟ್ಟಿ. “ನಿನ್ನ ಕೈಬರಹ ಇತ್ತು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕಣ್ಣು ತಾನಾಗಿ ಅಳತೆ ಪುಸ್ತಕದ ಕಡೆ ಹೋಯಿತು. ನೀನು ಬರೆದ ಫಾರಂ ಹಾಳಾಗಿತ್ತು, ಮಸಿ ಚೆಲ್ಲಿತ್ತು, ಎಂದು ಏನೋ ಒಂದು ಹೇಳಬಹುದಿತ್ತು. ಸುಳ್ಳು ಬಾಯಿಗೆ ಬಂದಿತ್ತು. ಹರಿದ ಶರ್ಟು ಎದುರಿಗೆ ನಿಂತಿದ್ದಾಗ ಅದು ಹೊರಗೆ ಬರಲಿಲ್ಲ.

“ಹೊಟ್ಟೆಕಿಚ್ಚು ಕಣೇ” ಎಂದೆ. “ನೀನು ಅವಳ ಹೆಸರು ಮೊದಲು ಬರೆದಿದ್ದೆ. ನಂಗೆ ಸಹಿಸೋಕಾಗ್ಲಿಲ್ಲ.”

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಮಿಷಿನ್ ಓಡ್ತಿದ್ರೆ ನಿಂಗೆ ಫೋನ್ ಕೇಳಲ್ಲ ಅಮ್ಮ. ಕ್ಲಿನಿಕ್ಕಿಂದ ಸ್ಕೂಲಿಗೆ ಹತ್ತೇ ನಿಮಿಷ. ಅದಕ್ಕೆ ಹಾಗೆ ಬರೆದಿದ್ದೆ.” ಅಷ್ಟೇ ಹೇಳಿ ಮುಖ ತೊಳೆಯಲು ಹೋದಳು.

ಅದಕ್ಕೆ! ನಾನು ಇಷ್ಟು ದಿನ ಒಳಗೊಳಗೇ ಬೆಂದದ್ದು ಮಿಷಿನ್ನಿನ ಸದ್ದಿಗೆ. ನಗು ಬರಬೇಕಿತ್ತು, ಅಳು ಬಂತು. ಅಂಗಡಿಯ ಪರದೆ ಎಳೆದು ಸ್ವಲ್ಪ ಹೊತ್ತು ಅತ್ತೆ.

ಐದಕ್ಕೆ ವಾರಗಿತ್ತಿ ಬಂದಳು. ಬಾಗಿಲಿನಿಂದಲೇ ಕೂಗಿದಳು. “ಪುಟ್ಟಿ, ಹೇಗಿತ್ತೇ ಮೊದಲನೇ ದಿನ? ಬೋರ್ಡಿಗೆ ಕರೆದ್ರಾ?”

ಪುಟ್ಟಿ ನನ್ನ ಮುಖ ನೋಡಿದಳು. “ಕರೆದ್ರು ಚಿಕ್ಕಮ್ಮ. ಹೆಸರು ಬರೆದೆ.”

ಹರಿದ ಶರ್ಟಿನ ಮಾತು ಎತ್ತಲಿಲ್ಲ. ಉಸಿರು ಹಿಡಿದು ‘ಸರಿಯಾಗಿದೆ ಅಮ್ಮ’ ಎಂದದ್ದೂ ಇದೇ ದನಿಯಲ್ಲಿ. ನನ್ನ ಮಾನ ಉಳಿಸಲು ಹದಿಮೂರು ವರ್ಷದ ಹುಡುಗಿ ಎಷ್ಟು ಸಲ ಹೀಗೆ ಉಸಿರು ಹಿಡಿದಿದ್ದಾಳೋ ಎಂದು ನಾನು ಲೆಕ್ಕ ಹಾಕಲೂ ಹೋಗಲಿಲ್ಲ, ಹೆದರಿಕೆಯಾಯಿತು.

ಟೇಪು ಕೊರಳಿಗೆ ಹಾಕಿಕೊಂಡೆ. “ಶರ್ಟ್ ಹರಿದುಹೋಗಿದೆ. ನೀನು ಹೇಳಿದ ಕಡೆನೇ” ಎಂದೆ ವಾರಗಿತ್ತಿಗೆ. “ಹೊಸದು ಹೊಲೀಬೇಕು. ಆ ಪುಸ್ತಕ ತಗೊ, ನಾನು ಹೇಳ್ತೀನಿ, ಬರ್ಕೊ.”

ಆ ಪುಸ್ತಕವನ್ನು ನಾನು ಯಾರ ಕೈಗೂ ಕೊಟ್ಟವಳಲ್ಲ. ಕಾಲರಿನ ಅಚ್ಚು ಅದರೊಳಗಿತ್ತು, ಪುಟ್ಟಿ ಬರೆದ ಚಿಕ್ಕಮ್ಮನ ಹೆಸರು ದುಂಡಗೆ ಕಾಣುವ ಬದಿಯೇ ಮೇಲೆ. ಮೊದಲೇ ತೆಗೆದುಬಿಡಬಹುದಿತ್ತು. ತೆಗೆಯಲಿಲ್ಲ. ಬಾಯಿಂದ ಹೇಳುವುದಕ್ಕಿಂತ ಅದು ನನಗೆ ಸುಲಭವಾಗಿತ್ತು.

ಪುಟ್ಟಿಯನ್ನು ಬೆಳಕಿಗೆ ನಿಲ್ಲಿಸಿದೆ. “ಕೈ ಎತ್ತು. ಬೋರ್ಡ್ ಮೇಲೆ ಬರೆಯೋ ಹಾಗೆ.”

ಅವಳು ಕ್ಷಣ ಹಿಂಜರಿದಳು. ಆಮೇಲೆ ಎತ್ತಿದಳು. ಕೈ ನನ್ನ ತಲೆಗಿಂತ ಎಷ್ಟೋ ಮೇಲೆ ಹೋಯಿತು. ಇದು ಯಾವಾಗ ಬೆಳೆಯಿತು? “ಎದೆ ಮೂವತ್ತೆರಡು” ಎಂದೆ. ನಾನು ಕತ್ತರಿಸಿದ್ದು ಇಪ್ಪತ್ತೊಂಬತ್ತಕ್ಕೆ.

ಹಿಂದೆ ಹಾಳೆ ತಿರುಗಿಸುವ ಸದ್ದು ನಿಂತಿತು. ಪೆನ್ನಿನ ಸದ್ದೂ ಇಲ್ಲ. ನಾನು ತಿರುಗಿ ನೋಡಲಿಲ್ಲ, ಟೇಪನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಎದೆ ಮೂವತ್ತೆರಡು” ಎಂದಳು ವಾರಗಿತ್ತಿ, ಟೋಕನ್ ನಂಬರು ಕೂಗುವಂತೆ. “ಆಮೇಲೆ ಅಕ್ಕ?”

“ತೋಳು” ಎಂದೆ. ಟೇಪನ್ನು ಭುಜಕ್ಕೆ ಹಿಡಿದೆ. ಅಳತೆ ಹೇಳಿದೆ.

ಎಲ್ಲ ಮುಗಿದ ಮೇಲೆ ಪುಸ್ತಕ ಕೈಗೆ ಕೊಟ್ಟಳು. ಕಾಲರಿನ ಕಾಗದ ಇದ್ದಲ್ಲೇ ಇತ್ತು. ಹೊಸ ಹಾಳೆಯ ಮೇಲ್ಗಡೆ, ಬಟ್ಟೆ ಕೊಟ್ಟವರ ಹೆಸರು ನಂಬರು ಬರೆಯುವಲ್ಲಿ, ಪುಟ್ಟಿ ಎಂದು ಬರೆದು ಅದರ ಮುಂದೆ ನನ್ನ ಫೋನ್ ನಂಬರು ಬರೆದಿದ್ದಳು. ಒಂದು ಮಾತು ಆಡಿದ್ದರೆ ನಾನೂ ನಾಲ್ಕು ಆಡುತ್ತಿದ್ದೆ, ಜಗಳವಾಗಿ ಮುಗಿಯುತ್ತಿತ್ತು. ಇಲ್ಲೂ ಅವಳೇ ಗೆದ್ದಳಲ್ಲ ಎಂದು ಹೊಟ್ಟೆ ಎಂದಿನಂತೆಯೇ ಉರಿಯಿತು.

ಬಟ್ಟೆ ಹಾಸಿ ಗೀಟು ಹಾಕಿದೆ, ಒಳಗೆ ಎರಡಲ್ಲ, ಮೂರು ಬೆರಳು ಬಿಟ್ಟೆ.

“ನಾಳೆ ಆಫೀಸಲ್ಲಿ ಇನ್ನೊಂದು ಫಾರಂ ಕೇಳ್ಕೊಂಡು ಬಾ” ಎಂದೆ ಪುಟ್ಟಿಗೆ. “ನೀನೇ ತುಂಬು. ನಾನು ಸೈನ್ ಮಾತ್ರ ಹಾಕ್ತೀನಿ.”

“ಮೊದಲನೇ ಸಾಲಲ್ಲಿ ಯಾರನ್ನ ಬರೀಲಿ?”

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಕತ್ತರಿ ಕೈಗೆತ್ತಿಕೊಂಡೆ.

“ಫೋನ್ ಕೇಳಿಸೋರನ್ನ ಬರಿ” ಎಂದೆ.